ಒಂದೇ ಡೆನಾರಿಯಸ್, ಎರಡು ಸಲ

ನಾಣ್ಯ ಸಂಗ್ರಾಹಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದ್ದೆ. ಇಲ್ಲಿ ಅದರ ಬದಲು ನಾಣ್ಯಗಳನ್ನು ಸ್ವಲ್ಪ ಬಿಡಿಸಿ ವಿವರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ರೋಮನ್ ಬೆಳ್ಳಿ ನಾಣ್ಯ ಕೂಡಿಡುವವರು ಯಾರ ಹತ್ತಿರವಾದರೂ ಹೋಗಿ, ಟ್ರೇ ತೆಗೆಸಿ ನೋಡಿ. ಸಂಗ್ರಹ ಸ್ವಲ್ಪ ದೊಡ್ಡದಾಗಿದ್ದರೆ, ಎಲ್ಲೋ ಒಂದು ಕಡೆ ಒಂದೇ ನಾಣ್ಯ ಎರಡು ಸಿಗುತ್ತದೆ. ಬೇಕು ಅಂತ ಕೊಂಡದ್ದಲ್ಲ. ಮೊದಲೊಂದು ಮನೆಯಲ್ಲಿದೆ ಅನ್ನುವುದು ಹೊಳೆಯದೆ ಇನ್ನೊಂದನ್ನು ಕೊಂಡದ್ದು. ಕೇಳಿದರೆ ‘ಮರೆವು ಸ್ವಾಮಿ, ವಯಸ್ಸಾಯ್ತು’ ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೊಸದಾಗಿ ಶುರು ಮಾಡಿದ ಹುಡುಗರ ಟ್ರೇಯಲ್ಲೂ ಇದೇ ಕಥೆ. ಕಾರಣ ಅರ್ಧ ಆ ನಾಣ್ಯಗಳಲ್ಲೇ ಇದೆ. ಇನ್ನರ್ಧ ನಾವು ಅವನ್ನು ಪಟ್ಟಿಗೆ ಹಾಕಿಕೊಳ್ಳುವ ರೀತಿಯಲ್ಲಿದೆ. ಇವತ್ತು ಈ ಎರಡರ ಬಗ್ಗೆಯೂ ಮಾತಾಡುತ್ತೇನೆ. ಜೊತೆಗೆ, ಎರಡು ಒಂದೇ ಥರ ಕಂಡ ತಕ್ಷಣ ಒಂದನ್ನು ಮಾರಲು ಯಾಕೆ ಹೊರಡಬಾರದು ಅನ್ನುವುದನ್ನೂ ಹೇಳಬೇಕಿದೆ.

ಹೊಸಬರಿಗಾಗಿ ಎರಡು ಮಾತು. ಡೆನಾರಿಯಸ್ ಅನ್ನುವ ಬೆಳ್ಳಿ ನಾಣ್ಯ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ, ರೋಮ್ ಕಾರ್ತೇಜಿನ ಸೇನಾಪತಿ ಹ್ಯಾನಿಬಾಲ್ ಜೊತೆ ಯುದ್ಧದಲ್ಲಿದ್ದಾಗ. ಅಲ್ಲಿಂದ ನಾನೂರು ವರ್ಷಕ್ಕೂ ಹೆಚ್ಚು ಕಾಲ ಅದು ರೋಮಿನ ಮುಖ್ಯ ಬೆಳ್ಳಿ ದುಡ್ಡು. ಕ್ರಿ.ಶ. 215ರಲ್ಲಿ ಕ್ಯಾರಕಲ್ಲ ಚಕ್ರವರ್ತಿ ಇನ್ನೊಂದು ನಾಣ್ಯ ತಂದ. ಅದರಲ್ಲಿ ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣದ ಕಿರೀಟ ಇರುತ್ತದೆ. ನಾವು ಅದನ್ನು ಆಂಟೋನಿನಿಯಾನಸ್ ಅನ್ನುತ್ತೇವೆ. ಆ ಶತಮಾನ ಮುಗಿಯುವ ಮೊದಲೇ ಅದರಲ್ಲಿ ಬೆಳ್ಳಿ ಹೆಸರಿಗಷ್ಟೇ ಉಳಿಯಿತು. ಇಷ್ಟು ಕಾಲದಲ್ಲಿ ಹೊರಬಂದ ಬಗೆಗಳು ಸಾವಿರಗಟ್ಟಲೆ. ಎಲ್ಲವೂ ಕೈಯಲ್ಲಿ ಕೆತ್ತಿದ ಅಚ್ಚಿನಿಂದ, ಸುತ್ತಿಗೆಯ ಏಟಿನಿಂದ ಆದವು. ಅಗಲ ಸುಮಾರು ಹದಿನೆಂಟು ಮಿಲಿಮೀಟರ್. ಅಷ್ಟು ಸಣ್ಣ ಜಾಗದಲ್ಲಿ ಒಂದು ಕಡೆ ಮುಖ, ಇನ್ನೊಂದು ಕಡೆ ನಿಂತ ದೇವತೆ, ಸುತ್ತ ಪದಗಳನ್ನು ಮೊಟಕು ಮಾಡಿ ಬರೆದ ಲ್ಯಾಟಿನ್ ಅಕ್ಷರ. ಸವೆದಿದ್ದರೆ ಅರ್ಧ ಅಕ್ಷರ ಇರುವುದೇ ಇಲ್ಲ.

ಡಬಲ್ ಆಗುವುದು ಎಲ್ಲಿ ಜಾಸ್ತಿ ಅಂತ ಕೇಳಿದರೆ ನಾನು ಮೊದಲು ಹೇಳುವ ಹೆಸರು ಹಿರಿಯ ಫೌಸ್ಟೀನ. ಈಕೆ ರೋಮಿನ ಚಕ್ರವರ್ತಿ ಆಂಟೋನಿನಸ್ ಪಯಸ್‌ನ ಹೆಂಡತಿ. ಕ್ರಿ.ಶ. 140ರಲ್ಲಿ ತೀರಿಕೊಂಡಳು. ಗಂಡ ಅವಳನ್ನು ದೇವತೆ ಅಂತ ಘೋಷಿಸಿ, ರೋಮಿನ ಫೋರಂನಲ್ಲಿ ಗುಡಿ ಕಟ್ಟಿಸಿದ. ಆ ಗುಡಿಯ ಕಂಬಗಳು ಇವತ್ತಿಗೂ ನಿಂತಿವೆ, ಹಿಂದೆ ಚರ್ಚ್ ಇದೆ. ಅವಳು ಸತ್ತ ಮೇಲೂ ಅವಳ ಹೆಸರಿನ ನಾಣ್ಯ ನಿಲ್ಲಲಿಲ್ಲ. ಗಂಡ ಬದುಕಿದ್ದದ್ದು 161ರವರೆಗೆ. ಆ ಇಪ್ಪತ್ತು ವರ್ಷದಲ್ಲಿ ‘ದಿವಾ ಫೌಸ್ಟೀನ’, ಅಂದರೆ ದೇವತೆಯಾದ ಫೌಸ್ಟೀನ, ಅಂತ ಬರೆದ ಬೆಳ್ಳಿ ನಾಣ್ಯ ರಾಶಿ ರಾಶಿ ಹೊರಬಂತು. ಅದಕ್ಕೇ ಇವು ಇವತ್ತಿಗೂ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತವೆ. ಹೊಸ ಸಂಗ್ರಾಹಕರ ಟ್ರೇಗೆ ಬೇಗ ಬರುವ ಮುಖಗಳಲ್ಲಿ ಇದೂ ಒಂದು.

ಈಗ ಹತ್ತಿರದಿಂದ ನೋಡೋಣ. ಮುಂಭಾಗದಲ್ಲಿ ಬಲಕ್ಕೆ ತಿರುಗಿದ ಹೆಂಗಸಿನ ಮುಖ. ಕೂದಲನ್ನು ಜಡೆ ಹೆಣೆದು, ಸುತ್ತಿ, ನೆತ್ತಿಯ ಮೇಲೆ ಗಂಟಾಗಿ ಕಟ್ಟಿದೆ. ಹಿಂಭಾಗದಲ್ಲಿ ‘ಏಟರ್ನಿಟಾಸ್’ (ಶಾಶ್ವತತೆ) ಅನ್ನುವ ಬರಹ, ನಡುವೆ ನಿಂತ ಹೆಂಗಸು. ಇಷ್ಟು ನೋಡಿ ‘ಫೌಸ್ಟೀನ, ಏಟರ್ನಿಟಾಸ್, ನಿಂತಿರುವುದು’ ಅಂತ ಪಟ್ಟಿಯಲ್ಲಿ ಬರೆದುಕೊಂಡರೆ ಮುಗಿಯಿತು, ಡಬಲ್‌ಗೆ ಬಾಗಿಲು ತೆಗೆದ ಹಾಗೆಯೇ. ಏಕೆಂದರೆ ಇದೇ ಬರಹದ ಕೆಳಗೆ ನಿಂತ ಹೆಂಗಸು ಒಂದರಲ್ಲಿ ಬಲಗೈ ಎತ್ತಿ, ಎಡಗೈಯಲ್ಲಿ ದಂಡ ಹಿಡಿದಿರುತ್ತಾಳೆ. ಇನ್ನೊಂದರಲ್ಲಿ ಕೈಯಲ್ಲಿ ಗೋಳ, ಸೆರಗು ಗಾಳಿಗೆ ತಲೆಯ ಹಿಂದೆ ಕಮಾನಾಗಿ ಹಾರುತ್ತಿರುತ್ತದೆ. ಮತ್ತೊಂದರಲ್ಲಿ ಗೋಳದ ಮೇಲೆ ಫೀನಿಕ್ಸ್ ಹಕ್ಕಿ. ‘ಆಗಸ್ಟಾ’ ಅಂತ ಬರೆದ ನಾಣ್ಯಗಳದ್ದೂ ಇದೇ ಪಾಡು. ಅಲ್ಲಿರುವುದು ಸೀರಿಸ್, ಪೈರಿನ ದೇವತೆ. ಒಂದರಲ್ಲಿ ಪಂಜು ಮತ್ತು ತೆನೆ, ಒಂದರಲ್ಲಿ ಪಂಜು ಮತ್ತು ದಂಡ, ಒಂದರಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ನಿರಿಗೆ ಎತ್ತಿ ಹಿಡಿದಿದ್ದಾಳೆ. ಪಂಜು ಉದ್ದವೋ ಗಿಡ್ಡವೋ ಅನ್ನುವುದರಲ್ಲೂ ಬೇರೆ ಬೇರೆ ಬಗೆ.

ಇದರಿಂದ ಎರಡೂ ಕಡೆ ನಷ್ಟ. ಒಬ್ಬರು ಇರುವುದನ್ನೇ ಮತ್ತೆ ಕೊಳ್ಳುತ್ತಾರೆ. ಇನ್ನೊಬ್ಬರು ತಮ್ಮಲ್ಲಿ ಇಲ್ಲದ್ದನ್ನು ‘ಇದು ನನ್ನ ಹತ್ತಿರ ಇದೆ’ ಅಂತ ಬಿಟ್ಟುಬಿಡುತ್ತಾರೆ. ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅದು ಗೊತ್ತೇ ಆಗುವುದಿಲ್ಲ. ನನಗೆ ಅದೇ ಜಾಸ್ತಿ ಬೇಜಾರಿನ ಸಂಗತಿ.

ಟ್ರೇಜನ್ ಚಕ್ರವರ್ತಿಯದ್ದು ಇನ್ನೂ ಕಷ್ಟ. ಅವನ ಬೆಳ್ಳಿಯ ಮೇಲೆ ವರ್ಷಗಟ್ಟಲೆ ಒಂದೇ ಬರಹ. ಅವನು ಐದನೇ ಸಲ ಕಾನ್ಸಲ್ (ರೋಮಿನ ಒಂದು ದೊಡ್ಡ ಅಧಿಕಾರ ಸ್ಥಾನ), ದೇಶದ ತಂದೆ. ಸೆನೇಟ್ ಮತ್ತು ರೋಮಿನ ಜನರು ಅತ್ಯುತ್ತಮ ಒಡೆಯನಿಗೆ ಕೊಟ್ಟದ್ದು ಅಂತ. ಬರಹ ಬದಲಾಗುವುದಿಲ್ಲ, ಚಿತ್ರ ಮಾತ್ರ ಬದಲಾಗುತ್ತದೆ. ಬರಹ ಓದಿ ಪಟ್ಟಿ ಮಾಡುವವರು ಇಲ್ಲಿ ಸೋಲುತ್ತಾರೆ. ಹೇಡ್ರಿಯನ್‌ನಲ್ಲಿ ಇದು ಉಲ್ಟಾ. ಚಿತ್ರ ಅದೇ ಇರುತ್ತದೆ, ಮುಂಭಾಗದ ಹೆಸರು ಬರೆಯುವ ರೀತಿ ಬದಲಾಗಿರುತ್ತದೆ. ಅದರಿಂದಲೇ ನಾಣ್ಯದ ಕಾಲ ಬೇರೆ ಆಗುತ್ತದೆ, ಪುಸ್ತಕದ ಪಟ್ಟಿಯಲ್ಲಿ ಅದರ ನಂಬರ್ ಬೇರೆ ಆಗುತ್ತದೆ.

ಇನ್ನು ಹೆಸರಿನ ಗೊಂದಲ. ಕ್ಯಾರಕಲ್ಲ, ಎಲಗಬಾಲಸ್ ಅನ್ನುವವು ಜನ ಇಟ್ಟ ಹೆಸರುಗಳು. ನಾಣ್ಯದ ಮೇಲೆ ಇವರಿಬ್ಬರೂ ಆಂಟೋನಿನಸ್ ಅಂತಲೇ ಇರುತ್ತಾರೆ. ಮಾರ್ಕಸ್ ಆರೇಲಿಯಸ್ ಕೂಡ ಆಂಟೋನಿನಸ್. ಎಲಗಬಾಲಸ್‌ನ ಬೆಳ್ಳಿಯಲ್ಲಿ ಸಾಮಾನ್ಯವಾಗಿ ಹೆಸರಿನ ಮೊದಲು ‘ಇಂಪ್’ (ಚಕ್ರವರ್ತಿ ಅನ್ನುವ ಬಿರುದಿನ ಮೊಟಕು ರೂಪ) ಅಂತ ಇರುತ್ತದೆ, ಹಿಂಭಾಗದಲ್ಲಿ ಎಷ್ಟೋ ಸಲ ಒಂದು ನಕ್ಷತ್ರ ಇರುತ್ತದೆ. ಆದರೆ ನಾಣ್ಯದ ಅಂಚು ಕತ್ತರಿಸಿ ಹೋಗಿ ಮೊದಲ ಮೂರು ಅಕ್ಷರ ಇಲ್ಲದಿದ್ದರೆ? ಒಬ್ಬ ವ್ಯಾಪಾರಿ ಕ್ಯಾರಕಲ್ಲ ಅಂತ ಮಾರುತ್ತಾನೆ, ಇನ್ನೊಬ್ಬ ಎಲಗಬಾಲಸ್ ಅಂತ ಮಾರುತ್ತಾನೆ. ಕೊಂಡವರು ಎರಡನ್ನೂ ಬೇರೆ ಬೇರೆ ಟ್ರೇಯಲ್ಲಿ ಇಡುತ್ತಾರೆ. ಹತ್ತು ವರ್ಷ ಪಕ್ಕಪಕ್ಕ ಇಟ್ಟು ನೋಡುವ ಸಂದರ್ಭವೇ ಬರುವುದಿಲ್ಲ. ಫೌಸ್ಟೀನ ತಾಯಿಮಗಳದ್ದೂ ಹೀಗೇ. ಮಗಳೂ ಫೌಸ್ಟೀನ, ಅವಳೂ ಸತ್ತ ಮೇಲೆ ದಿವಾ ಆದವಳು.

ಇನ್ನು ನಂಬರ್‌ಗೆ ಬರೋಣ. ನಮ್ಮಲ್ಲಿ ಬಹಳ ಜನ ‘ನಾನು ಆರ್‌ಐಸಿ ನಂಬರ್ ಬರೆದಿಟ್ಟುಕೊಳ್ಳುತ್ತೇನೆ, ನನಗೆ ಡಬಲ್ ಆಗುವುದಿಲ್ಲ’ ಅನ್ನುತ್ತಾರೆ. ಆರ್‌ಐಸಿ ಅಂದರೆ ರೋಮನ್ ಚಕ್ರವರ್ತಿಗಳ ಕಾಲದ ನಾಣ್ಯಗಳ ದೊಡ್ಡ ಪಟ್ಟಿ. ಮೊದಲ ಸಂಪುಟ ಬಂದದ್ದು 1923ರಲ್ಲಿ. ಆಮೇಲೆ ಹೊಸ ಸಂಶೋಧನೆ ಬಂತು, ಹೊಸ ನಾಣ್ಯ ಸಿಕ್ಕವು, ಸಂಪುಟಗಳನ್ನು ಒಂದೊಂದಾಗಿ ಹೊಸದಾಗಿ ಬರೆಯುತ್ತಿದ್ದಾರೆ. ಮೊದಲ ಸಂಪುಟ 1984ರಲ್ಲಿ ಹೊಸದಾಯಿತು. ವೆಸ್ಪೇಷಿಯನ್‌ನಿಂದ ಡೊಮಿಷಿಯನ್‌ವರೆಗಿನ ಭಾಗ 2007ರಲ್ಲಿ, ಹೇಡ್ರಿಯನ್ ಭಾಗ 2019ರಲ್ಲಿ. ಪ್ರತಿ ಸಲವೂ ನಂಬರ್ ಬದಲಾಗಿದೆ.

ಒಂದೇ ಒಂದು ಉದಾಹರಣೆ ಸಾಕು. ಜೆರುಸಲೇಂ ಬಿದ್ದದ್ದು ಕ್ರಿ.ಶ. 70ರಲ್ಲಿ. ಅದರ ನೆನಪಿಗೆ ವೆಸ್ಪೇಷಿಯನ್ ಹೊರಡಿಸಿದ ಡೆನಾರಿಯಸ್ ಒಂದಿದೆ. ಹಿಂಭಾಗದಲ್ಲಿ ಗೆದ್ದ ಆಯುಧಗಳನ್ನು ತೂಗುಹಾಕಿದ ಕಂಬ, ಅದರ ಬುಡದಲ್ಲಿ ತಲೆಗೆ ಕೈಕೊಟ್ಟು ಕೂತ ಹೆಂಗಸು, ಕೆಳಗೆ ‘ಯೂಡಿಯ’ ಅಂತ ಬರಹ, ಅಂದರೆ ಯಹೂದಿಗಳ ನಾಡು. ಬಹಳ ಜನ ಆಸೆಪಟ್ಟು ಕೊಳ್ಳುವ ನಾಣ್ಯ ಇದು, ಬೆಲೆಯೂ ಚೆನ್ನಾಗಿಯೇ ಇರುತ್ತದೆ. ಹಳೆಯ ಆರ್‌ಐಸಿಯಲ್ಲಿ ಇದರ ನಂಬರ್ 15. ಹೊಸದರಲ್ಲಿ 2. ಬ್ರಿಟಿಷ್ ಮ್ಯೂಸಿಯಂ ಪಟ್ಟಿಯಲ್ಲಿ 35. ಬೆಳ್ಳಿ ನಾಣ್ಯಗಳದ್ದೇ ಇನ್ನೊಂದು ಪಟ್ಟಿ ಆರ್‌ಎಸ್‌ಸಿ, ಅದರಲ್ಲಿ 226. ಒಂದೇ ನಾಣ್ಯ, ನಾಲ್ಕು ನಂಬರ್. ನಿಮ್ಮ ಪುಸ್ತಕದಲ್ಲಿ ‘ವೆಸ್ಪೇಷಿಯನ್ 15’ ಅಂತ ಇದೆ, ಮಾರುವವರು ‘ವೆಸ್ಪೇಷಿಯನ್ 2’ ಅಂತ ಹಾಕಿದ್ದಾರೆ. ಯೂಡಿಯ ಆದರೆ ನೆನಪಿರುತ್ತದೆ ಬಿಡಿ. ಕೂತ ಶಾಂತಿದೇವತೆ, ನಿಂತ ಭಾಗ್ಯದೇವತೆ ಆದರೆ ಹೇಗೆ ನೆನಪಿರಬೇಕು? ಇಂಥ ಕಡೆಯೇ ಡಬಲ್ ಆಗುವುದು.

ಹಾಗಾಗಿ ನಂಬರ್ ಬರೆಯುವಾಗ ಯಾವ ಪಟ್ಟಿಯ, ಯಾವ ಮುದ್ರಣದ ನಂಬರ್ ಅಂತ ಜೊತೆಗೇ ಬರೆಯಬೇಕು. ಸುಮ್ನೆ ಆರ್‌ಐಸಿ ಅಂದರೆ ಸಾಲದು. ಗಣರಾಜ್ಯದ ಕಾಲದ, ಅಂದರೆ ಚಕ್ರವರ್ತಿಗಳಿಗೆ ಮುಂಚಿನ, ನಾಣ್ಯ ಕೂಡಿಡುವವರು ಇದರಲ್ಲಿ ಪುಣ್ಯವಂತರು. ಮೈಕೇಲ್ ಕ್ರಾಫರ್ಡ್ 1974ರಲ್ಲಿ ಕೊಟ್ಟ ನಂಬರ್‌ಗಳೇ ಇವತ್ತಿಗೂ ನಡೆಯುತ್ತಿವೆ.

ಹರಾಜಿನಲ್ಲಿ ಆಗುವ ಡಬಲ್ ಬೇರೆ ಥರದ್ದು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದೇ ಬಗೆಯ ನಾಣ್ಯ ಎರಡು ಹರಾಜಿನಲ್ಲಿ ಇರುತ್ತದೆ. ಒಂದು ಕೈತಪ್ಪಿದರೂ ಇನ್ನೊಂದು ಸಿಗಲಿ ಅಂತ ಎರಡರಲ್ಲೂ ಮುಂಚೆಯೇ ಬಿಡ್ ಹಾಕಿಡುತ್ತಾರೆ. ಎರಡೂ ಸಿಗುತ್ತವೆ. ಇನ್ನು ಇಪ್ಪತ್ತು ಮೂವತ್ತು ನಾಣ್ಯದ ಗುಂಪು ಲಾಟ್ ಕೊಂಡರೆ ಅದರಲ್ಲಿ ಕೆಲವು ಮನೆಯಲ್ಲಿ ಇರುವವೇ ಆಗಿರುತ್ತವೆ. ಅದು ಕಣ್ಣು ತೆರೆದುಕೊಂಡೇ ಕೊಳ್ಳುವ ಡಬಲ್. ಇರುವುದಕ್ಕಿಂತ ಚೆನ್ನಾಗಿರುವ ನಾಣ್ಯ ಸಿಕ್ಕಿತು ಅಂತ ಕೊಳ್ಳುವುದೂ ಹಾಗೆಯೇ. ಇವತ್ತಿನ ಮಾತು ಅವುಗಳ ಬಗ್ಗೆ ಅಲ್ಲ.

ಯಾವ ಬಗೆ ಡಬಲ್ ಆಗುವ ಸಂಭವ ಜಾಸ್ತಿ ಅಂತ ಅಂದಾಜು ಮಾಡಲು ಒಂದು ಒಳ್ಳೆಯ ಆಧಾರ ಇದೆ. 1929ರಲ್ಲಿ ಬಲ್ಗೇರಿಯದ ದೇವ್ನ್ಯ ಅನ್ನುವ ಊರಿನಲ್ಲಿ ದೊಡ್ಡ ನಿಧಿ ಸಿಕ್ಕಿತು. ರೆಕಾ ದೇವ್ನ್ಯ ನಿಧಿ ಅಂತ ಕರೆಯುತ್ತಾರೆ. ಅದರಲ್ಲಿ ಪಟ್ಟಿಯಾದ ಬೆಳ್ಳಿ ನಾಣ್ಯಗಳೇ 81,000ಕ್ಕೂ ಹೆಚ್ಚು. ಮುಶ್ಮೋವ್ ಅನ್ನುವ ವಿದ್ವಾಂಸರು ಬಗೆಬಗೆಯಾಗಿ ಎಣಿಸಿ 1934ರಲ್ಲಿ ಪ್ರಕಟಿಸಿದರು. ಯಾವ ಬಗೆ ಆ ನಿಧಿಯಲ್ಲಿ ನೂರಾರು ಇದೆಯೋ ಅದು ಮಾರುಕಟ್ಟೆಯಲ್ಲೂ ಪದೇ ಪದೇ ಎದುರಾಗುತ್ತದೆ. ಒಂದೋ ಎರಡೋ ಇದ್ದರೆ, ಕಂಡ ದಿನವೇ ಯೋಚನೆ ಮಾಡಬೇಕಾದ ನಾಣ್ಯ ಅದು. ಮಾರುವವರು ‘ಅಪರೂಪ’ ಅಂತ ಬರೆದದ್ದಕ್ಕಿಂತ ಈ ಎಣಿಕೆಯನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಒಂದೇ ಥರ ಕಾಣುವ ಎರಡು, ನಿಜವಾಗಿ ಒಂದೇ ಹೌದಾ?

ಕ್ರಿ.ಪೂ. 79ರ ಹೊತ್ತಿಗೆ ಲೂಸಿಯಸ್ ಪಾಪಿಯಸ್ ಅನ್ನುವ ಟಂಕಸಾಲೆ ಅಧಿಕಾರಿ ಹೊರಡಿಸಿದ ಡೆನಾರಿಯಸ್ ನೋಡಿ. ಅಂಚಿಗೆಲ್ಲ ಗರಗಸದ ಹಲ್ಲಿನ ಹಾಗೆ ಕಚ್ಚು ಹಾಕಿದ್ದಾರೆ. ಮುಂಭಾಗದಲ್ಲಿ ಜೂನೊ ದೇವತೆ, ತಲೆಗೆ ಆಡಿನ ಚರ್ಮ ಹೊದ್ದಿದ್ದಾಳೆ, ಕೊಂಬೂ ಕಾಣುತ್ತದೆ. ಹಿಂಭಾಗದಲ್ಲಿ ಗ್ರಿಫಿನ್ ಅನ್ನುವ, ಹದ್ದಿನ ತಲೆ, ರೆಕ್ಕೆ ಮತ್ತು ಸಿಂಹದ ಮೈಯ ಕಲ್ಪನೆಯ ಪ್ರಾಣಿ ಓಡುತ್ತಿದೆ. ಕ್ರಾಫರ್ಡ್ ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ನಂಬರ್, 384. ನಂಬರ್ ಹಿಡಿದು ಹೋದರೆ ಎರಡನೆಯದು ಡಬಲ್. ಆದರೆ ಜೂನೊ ತಲೆಯ ಹಿಂದೆ ಒಂದು ಪುಟ್ಟ ಗುರುತು ಇರುತ್ತದೆ. ಗ್ರಿಫಿನ್‌ನ ಕೆಳಗೆ ಅದಕ್ಕೆ ಹೊಂದುವ ಇನ್ನೊಂದು ಗುರುತು. ದಿನಬಳಕೆಯ ಪಾತ್ರೆ, ಕೆಲಸದ ಹತಾರ, ಪ್ರಾಣಿ, ಗಿಡ, ಹೀಗೆ. ಇಂಥ ಜೋಡಿಗಳು ಇನ್ನೂರಕ್ಕೂ ಹೆಚ್ಚಿವೆ. ಒಂದು ಜೋಡಿ ಅಂದರೆ ಒಂದು ಜೊತೆ ಅಚ್ಚು. ರೋಮಿನ ಕೆಲಸಗಾರರು ಎರಡು ಸಾವಿರ ವರ್ಷದ ಹಿಂದೆ ಏನು ಬಳಸುತ್ತಿದ್ದರು ಅನ್ನುವುದರ ಸಣ್ಣ ಚಿತ್ರಗಳು ಅವು. ಇಂಥ ನಾಣ್ಯವನ್ನು ಡಬಲ್ ಅಂತ ಕಡಿಮೆ ಬೆಲೆಗೆ ಕೊಟ್ಟುಬಿಟ್ಟವರನ್ನು ನೋಡಿದ್ದೇನೆ, ನೋವಾಗುತ್ತದೆ. ಕ್ರಿ.ಪೂ. 90ರ ಲೂಸಿಯಸ್ ಪೀಸೊ ಫ್ರೂಗಿಯ ನಾಣ್ಯವೂ ಇಂಥದ್ದೇ. ಅಪೋಲೊ ತಲೆ, ಓಡುವ ಕುದುರೆಯ ಮೇಲೆ ಸವಾರ, ಲೆಕ್ಕವಿಲ್ಲದಷ್ಟು ಗುರುತು. ಅದೊಂದನ್ನೇ ಕೂಡಿಡುವವರು ಇದ್ದಾರೆ.

ರೋಮನ್ ಸೇನಾಪತಿ ಮಾರ್ಕ್ ಆಂಟನಿಯ ಸೈನ್ಯದ ನಾಣ್ಯ ಇನ್ನೊಂದು. ಕ್ರಿ.ಪೂ. 31ರ ಆಕ್ಟಿಯಂ ಯುದ್ಧಕ್ಕೆ ಮುಂಚೆ ಸೈನಿಕರ ಸಂಬಳಕ್ಕಾಗಿ ಹೊಡೆಸಿದ್ದು. ಒಂದು ಕಡೆ ಹಡಗು. ಇನ್ನೊಂದು ಕಡೆ ನಡುವೆ ಹದ್ದಿನ ಧ್ವಜ, ಅಕ್ಕಪಕ್ಕ ಎರಡು ಧ್ವಜ, ಕೆಳಗೆ ಸೈನ್ಯದ ದಳದ ಸಂಖ್ಯೆ. ಎರಡನೇ ದಳದಿಂದ ಇಪ್ಪತ್ತಮೂರನೆಯದರವರೆಗೆ ಇವೆ. ಬೆಳ್ಳಿಯಲ್ಲಿ ಬೆರಕೆ ಜಾಸ್ತಿ ಇತ್ತು. ಒಳ್ಳೆಯ ಬೆಳ್ಳಿಯನ್ನು ಜನ ಮನೆಯಲ್ಲಿ ಅಡಗಿಸಿಟ್ಟು ಇದನ್ನು ಖರ್ಚು ಮಾಡಿದರು. ಹೀಗಾಗಿ ನೂರಾರು ವರ್ಷ ಕೈಯಿಂದ ಕೈಗೆ ಹೋಗಿ, ಸಂಖ್ಯೆಯೇ ಸವೆದುಹೋದ ನಾಣ್ಯಗಳು ಬೇಕಾದಷ್ಟಿವೆ. ಎಲ್ಲ ದಳವನ್ನೂ ಕೂಡಿಸಲು ಹೊರಟವರಿಗೆ ಇಲ್ಲಿ ಪರೀಕ್ಷೆ. ಆರನೆಯದು ಅಂತ ಕೊಂಡದ್ದು ಮನೆಗೆ ಬಂದು ಓರೆಬೆಳಕಿನಲ್ಲಿ ಹಿಡಿದರೆ ಏಳು ಆಗಿರಬಹುದು. ಒಂದು ಗೀಟು ಸವೆದಿರುತ್ತದೆ, ಅಷ್ಟೇ. ಇನ್ನೊಂದು ವಿಷಯ ಗಮನಿಸಿ. ನಾಲ್ಕನ್ನು ಕೆಲವು ಅಚ್ಚಿನಲ್ಲಿ ನಾಲ್ಕು ಗೀಟು ಎಳೆದು ಬರೆದಿದ್ದಾರೆ, ಕೆಲವದರಲ್ಲಿ ಐದರಲ್ಲಿ ಒಂದು ಕಳೆದು ಬರೆದಿದ್ದಾರೆ. ಒಂಬತ್ತಕ್ಕೂ ಎರಡು ರೀತಿ ಇದೆ. ದಳ ಒಂದೇ ಆದರೂ ಬಗೆ ಎರಡು.

ಟಿಬೇರಿಯಸ್ ಬಗ್ಗೆ ಹೇಳಲೇಬೇಕು, ಏಕೆಂದರೆ ಆ ದಾರಿ ನಮ್ಮ ಊರಿಗೂ ಬರುತ್ತದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಈ ಅವಧಿಯಲ್ಲಿ ಹೆಚ್ಚುಕಮ್ಮಿ ಒಂದೇ ಬಗೆಯ ಡೆನಾರಿಯಸ್ ಹೊರಬರುತ್ತಲೇ ಇತ್ತು. ಮುಂದೆ ಅವನ ತಲೆ, ಹಿಂದೆ ಕುರ್ಚಿಯ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಕೊಂಬೆ. ‘ಕೈಸರನದನ್ನು ಕೈಸರನಿಗೆ ಕೊಡಿರಿ’ ಅಂತ ಯೇಸು ತೋರಿಸಿದ ನಾಣ್ಯ ಇದೇ ಇರಬೇಕು ಅಂತ ಬಹಳ ಹಿಂದಿನಿಂದ ನಂಬಿಕೆ. ಅದರಿಂದ ಬೆಲೆಯೂ ಜಾಸ್ತಿ. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಆದರೆ ಕುರ್ಚಿಯ ಕಾಲು ನೋಡಿ. ಕೆಲವದರಲ್ಲಿ ಸಾದಾ, ಕೆಲವದರಲ್ಲಿ ಕಡೆದ ಕಾಲು. ಕುರ್ಚಿಯ ಕೆಳಗಿನ ಗೆರೆ ಒಂದಾ ಎರಡಾ ನೋಡಿ. ಕಾಲಡಿಯಲ್ಲಿ ಮಣೆ ಇದೆಯಾ ನೋಡಿ. ಚಕ್ರವರ್ತಿಯ ಮುಖ ಎಳೆಯದಾ, ವಯಸ್ಸಾದದ್ದಾ ಅಂತಲೂ ನೋಡಿ. ಇವುಗಳನ್ನೆಲ್ಲ ಸೇರಿಸಿ ವಿದ್ವಾಂಸರು ಗುಂಪು ಮಾಡಿ, ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಹೇಳುತ್ತಾರೆ.

ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಎರಡೇ ಬಗೆ ಎದ್ದು ಕಾಣುತ್ತವೆ. ಒಂದು ಈ ಟಿಬೇರಿಯಸ್‌ನದು. ಇನ್ನೊಂದು ಅವನ ಹಿಂದಿನ ಆಗಸ್ಟಸ್‌ನದು, ಹಿಂಭಾಗದಲ್ಲಿ ಅವನು ದತ್ತು ತೆಗೆದುಕೊಂಡ ಗೈಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿ ಹಿಡಿದು ನಿಂತಿದ್ದಾರೆ. ಅವರ ತಲೆಯ ಮೇಲೆ ಪೂಜೆಯ ಸೌಟು ಮತ್ತು ಬಾಗಿದ ಕೋಲು. ಸೌಟು ಎಡಕ್ಕಿದೆಯಾ ಬಲಕ್ಕಿದೆಯಾ ಅನ್ನುವುದರ ಮೇಲೆ ಬಗೆ ಬೇರೆ ಆಗುತ್ತದೆ. ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ 163 ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲೂ ಟಿಬೇರಿಯಸ್‌ನ ಡೆನಾರಿಯಸ್ ಸಿಕ್ಕಿದೆ. ಬೆಂಗಳೂರಿನಲ್ಲಿ ಕೂತು ರೋಮನ್ ನಾಣ್ಯದ ಬಗ್ಗೆ ಮಾತಾಡುವುದು ದೂರದ ಮಾತಲ್ಲ ಅಂತ ನಾನು ಹೇಳುವುದು ಇದಕ್ಕೇ.

ನಮಗೆ ಡಬಲ್ ಬೇಡ. ಅವತ್ತಿನ ವ್ಯಾಪಾರಿಗೆ ಬೇಕಾಗಿದ್ದೇ ಅದು. ಗೊತ್ತಿರುವ ಮುಖ, ಗೊತ್ತಿರುವ ತೂಕ. ರೋಮನ್ ಲೇಖಕ ಪ್ಲಿನಿ ಒಂದು ಸಂಗತಿ ಬರೆದಿದ್ದಾನೆ. ರೋಮಿನವನೊಬ್ಬ ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದು ಬಿದ್ದ. ಅವನ ಹತ್ತಿರ ಸಿಕ್ಕ ಡೆನಾರಿಯಸ್‌ಗಳನ್ನು ನೋಡಿ ಅಲ್ಲಿನ ರಾಜ ಮೆಚ್ಚಿದನಂತೆ. ಮುಖಗಳು ಬೇರೆ ಬೇರೆ ಇದ್ದವು, ಅಂದರೆ ಬೇರೆ ಬೇರೆಯವರು ಹೊಡೆಸಿದ್ದು. ಆದರೂ ತೂಕ ಒಂದೇ ಇತ್ತು. ಆಗ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ಡೆನಾರಿಯಸ್. ಕ್ರಿ.ಶ. 64ರಲ್ಲಿ ನೀರೊ ಅದನ್ನು 96 ಮಾಡಿದ, ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಇಲ್ಲಿ ಸಿಗುವ ಬೆಳ್ಳಿಯಲ್ಲಿ ಹೆಚ್ಚಿನದು ಅದಕ್ಕಿಂತ ಹಿಂದಿನದು.

ಇಲ್ಲಿ ಒಂದು ಮಾತು. ನಮ್ಮ ನೆಲದಲ್ಲಿ ಸಿಕ್ಕ ನಿಧಿಯನ್ನು ಸಿಕ್ಕವರು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ‘ಡಬಲ್ ಇದೆ, ಅಮೆರಿಕದಲ್ಲಿರುವ ಸ್ನೇಹಿತನಿಗೆ ಕಳಿಸುತ್ತೇನೆ’ ಅನ್ನುವವರು ಇದನ್ನು ದಯವಿಟ್ಟು ನೆನಪಿಡಿ. ನಿಧಿಯಲ್ಲಿ ಸಿಕ್ಕ ನಾಣ್ಯ ಚದುರಿ ಹೋದರೆ, ಅದರ ಜೊತೆ ಏನಿತ್ತು ಅನ್ನುವ ಮಾಹಿತಿ ಮತ್ತೆ ಸಿಗುವುದೇ ಇಲ್ಲ.

ಇನ್ನೊಂದು ಅಪಾಯ ಇದೆ. ಎರಡು ನಾಣ್ಯ ತೀರಾ ಒಂದೇ ಥರ ಇದ್ದರೆ ಸಂತೋಷಪಡಬೇಡಿ, ಹೆದರಿ. ಸುತ್ತಿಗೆಯಿಂದ ಹೊಡೆದ ನಾಣ್ಯದಲ್ಲಿ ಅಚ್ಚು ಒಂದೇ ಆದರೂ ಬೆಳ್ಳಿಯ ಬಿಲ್ಲೆ ಬೇರೆ. ಅಂಚಿನ ಆಕಾರ ಬೇರೆ, ಬಿರುಕು ಬೇರೆ, ಚಿತ್ರ ಕೂತ ಜಾಗ ಸ್ವಲ್ಪ ಆಚೀಚೆ. ಎರಡು ನಾಣ್ಯದಲ್ಲಿ ಅಂಚಿನ ಬಿರುಕು ಒಂದೇ ಕಡೆ, ಗೀರು ಒಂದೇ ಕಡೆ, ಕೆನ್ನೆಯ ಮೇಲಿನ ತಗ್ಗು ಒಂದೇ ಕಡೆ ಇದ್ದರೆ ಅವು ಎರಕ ಹೊಯ್ದ ನಕಲಿಗಳು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುತ್ತಾರಲ್ಲ, ಹಾಗೇ. ಮರದ ಅಚ್ಚಿನಲ್ಲಿ ಒಂದು ಸೀಳು ಇದ್ದರೆ ಪ್ರತಿ ಆನೆಯ ಬೆನ್ನ ಮೇಲೂ ಅದೇ ಸೀಳು ಬರುತ್ತದೆ. ಬೇಡ ಅಂದರೂ ಕೊಂಡ ಡಬಲ್ ಇಲ್ಲಿ ಒಂದು ಉಪಕಾರ ಮಾಡುತ್ತದೆ. ಒಂದೇ ಇದ್ದಾಗ ಸಾಚಾ ಅಂತ ಕಂಡ ನಾಣ್ಯ, ಪಕ್ಕದಲ್ಲಿ ಅವಳಿ ಬಂದಾಗ ಸಿಕ್ಕಿಬೀಳುತ್ತದೆ. ಹಾಗಾದಾಗ ಕೊಟ್ಟವರಿಗೆ ತಿಳಿಸಿ ವಾಪಸ್ ಮಾಡಿ. ಇನ್ನೊಬ್ಬರಿಗೆ ದಾಟಿಸಬೇಡಿ.

ಹಾಗಾದರೆ ಪಟ್ಟಿ ಹೇಗಿರಬೇಕು? ಮೊದಲು ಚಿತ್ರ. ಎರಡೂ ಕಡೆಯದು, ಫೋನಿನಲ್ಲಿ ತೆಗೆದದ್ದೇ ಸಾಕು, ಆದರೆ ಬೆಳಕು ಒಂದೇ ದಿಕ್ಕಿನಿಂದ ಬೀಳಬೇಕು. ಆಮೇಲೆ ನಿಮ್ಮ ಕಣ್ಣಿಗೆ ಕಾಣುವ ಅಕ್ಷರ. ಪುಸ್ತಕದಲ್ಲಿ ಇರುವ ಅಕ್ಷರ ಅಲ್ಲ, ನಾಣ್ಯದ ಮೇಲೆ ಇರುವುದು. ದೇವತೆಯ ಎರಡು ಕೈಯಲ್ಲಿ ಏನಿದೆ, ಕಾಲ ಬುಡದಲ್ಲಿ ಏನಿದೆ ಅಂತ ಬರೆಯಿರಿ. ಫೌಸ್ಟೀನ, ಜೂಲಿಯಾ ಡೊಮ್ನಾ ಥರದ ರಾಣಿಯರ ನಾಣ್ಯಕ್ಕೆ ಇದೇ ಬಹಳ ಮುಖ್ಯ. ತೂಕ ಬರೆಯಿರಿ. ಯಾವ ಪಟ್ಟಿಯ ನಂಬರ್ ಅಂತ ಬರೆಯಿರಿ. ಯಾರಿಂದ, ಯಾವಾಗ ಕೊಂಡಿರಿ ಅಂತಲೂ ಬರೆಯಿರಿ. ಚಿತ್ರಗಳು ಫೋನಿನಲ್ಲಿ ಇರಲಿ, ಏಕೆಂದರೆ ಮೇಳದಲ್ಲಿ ಮೇಜಿನ ಮುಂದೆ ನಿಂತಾಗ ಮನೆಯ ಬೀರುವಿನಲ್ಲಿರುವ ಪುಸ್ತಕ ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ‘ಓಕ್ರೆ’ ಅನ್ನುವ ಪಟ್ಟಿಯನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ಚಕ್ರವರ್ತಿ, ಅಕ್ಷರ, ದೇವತೆ, ಯಾವುದನ್ನು ಕೊಟ್ಟರೂ ಹುಡುಕಬಹುದು. ಕೊಳ್ಳುವ ಮೊದಲು ಐದು ನಿಮಿಷ ಅಲ್ಲಿ ನೋಡಿ.

ನಿಜವಾಗಿಯೂ ಡಬಲ್ ಆಗಿದ್ದರೆ ಏನು ಮಾಡಬೇಕು? ಮಾರಿ, ಬದಲಾಯಿಸಿಕೊಳ್ಳಿ, ಶಾಲೆಯ ಮಕ್ಕಳ ಕೈಗೆ ಕೊಟ್ಟು ತೋರಿಸಿ. ಎರಡು ಸಾವಿರ ವರ್ಷದ ಬೆಳ್ಳಿಯನ್ನು ಬರಿಗೈಯಲ್ಲಿ ಹಿಡಿದ ಮಗುವಿನ ಮುಖ ನೋಡುವುದೇ ಒಂದು ಸುಖ. ಆದರೆ ಕೈಬಿಡುವ ಮೊದಲು ಎರಡರ ಚಿತ್ರವನ್ನೂ ಉಳಿಸಿಕೊಳ್ಳಿ. ರಿಚರ್ಡ್ ಶೇಫರ್ ಅನ್ನುವವರು ಗಣರಾಜ್ಯ ಕಾಲದ ಬೆಳ್ಳಿ ನಾಣ್ಯಗಳ ಚಿತ್ರಗಳನ್ನು ಹರಾಜಿನ ಪುಸ್ತಕಗಳಿಂದ ಕತ್ತರಿಸಿ, ದಶಕಗಳ ಕಾಲ ಅಚ್ಚಿನ ಪ್ರಕಾರ ಜೋಡಿಸಿದರು. ಲಕ್ಷಗಟ್ಟಲೆ ಚಿತ್ರ. ಈಗ ಅದನ್ನು ಅದೇ ಅಮೆರಿಕನ್ ಸೊಸೈಟಿ ಎಲ್ಲರಿಗೂ ಸಿಗುವ ಹಾಗೆ ಮಾಡಿದೆ. ಒಂದು ಬಗೆಗೆ ಎಷ್ಟು ಅಚ್ಚು ಬಳಸಿದ್ದರು ಅಂತ ಗೊತ್ತಾದರೆ, ಆ ವರ್ಷ ರೋಮ್ ಎಷ್ಟು ದೊಡ್ಡ ಪ್ರಮಾಣದಲ್ಲಿ ದುಡ್ಡು ಹೊಡೆಯಿತು ಅಂತ ಅಂದಾಜು ಸಿಗುತ್ತದೆ. ಒಂದು ಅಚ್ಚಿನಿಂದ ಎಷ್ಟು ನಾಣ್ಯ ಬರುತ್ತಿತ್ತು ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಇನ್ನೂ ಮುಗಿದಿಲ್ಲ. ಆದರೆ ಅಚ್ಚುಗಳ ಎಣಿಕೆ ಮಾತ್ರ ಗಟ್ಟಿ ಆಧಾರ. ಆ ಎಣಿಕೆಗೆ ಬೇಕಾಗಿರುವುದು ನಾವು ಡಬಲ್ ಅನ್ನುವ ನಾಣ್ಯಗಳೇ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಅಚ್ಚು ಒಂದೇ ಅಂತ ಗೊತ್ತಾಗುವುದು ಹೇಗೆ?’ ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರವನ್ನೂ ಇಲ್ಲೇ ಸೇರಿಸುತ್ತೇನೆ.

ಮುಖ ಹೋಲುತ್ತದಾ ಅಂತ ನೋಡಬೇಡಿ. ಒಬ್ಬನೇ ಕೆತ್ತಿದ ಎರಡು ಅಚ್ಚಿನಲ್ಲಿ ಮುಖ ಹೋಲುತ್ತದೆ. ಅಕ್ಷರ ಮತ್ತು ಮುಖದ ನಡುವಿನ ಸಂಬಂಧ ನೋಡಿ. ಮೂಗಿನ ತುದಿಯಿಂದ ನೇರ ಗೆರೆ ಎಳೆದರೆ ಯಾವ ಅಕ್ಷರಕ್ಕೆ ತಾಗುತ್ತದೆ? ಕತ್ತಿನ ತುದಿ ಯಾವ ಎರಡು ಅಕ್ಷರದ ನಡುವೆ ಇದೆ? ತಲೆಯ ಹಿಂದೆ ಇಳಿಬಿದ್ದ ಕಿರೀಟದ ದಾರದ ತುದಿ ಯಾವ ಅಕ್ಷರದ ಕಡೆ ತಿರುಗಿದೆ? ಮೂರೂ ತಾಳೆಯಾದರೆ ಅಚ್ಚು ಒಂದೇ. ಹಿಂಭಾಗಕ್ಕೆ ಬೇರೆಯಾಗಿ ಇದೇ ಕೆಲಸ ಮಾಡಬೇಕು. ಏಕೆಂದರೆ ಮುಖದ ಅಚ್ಚು ಸಾಮಾನ್ಯವಾಗಿ ಕೆಳಗೆ ಅಡೆಗಲ್ಲಿನಲ್ಲಿ ಕೂತಿರುತ್ತಿತ್ತು. ಸುತ್ತಿಗೆಯ ಏಟು ನೇರ ತಿನ್ನುತ್ತಿದ್ದ ಮೇಲಿನ ಅಚ್ಚು ಬೇಗ ಹಾಳಾಗುತ್ತಿತ್ತು. ಹಾಗಾಗಿ ಮುಖ ಒಂದೇ ಅಚ್ಚು, ಹಿಂಭಾಗ ಬೇರೆ ಅಚ್ಚು ಅನ್ನುವ ಜೋಡಿ ಸಾಮಾನ್ಯವಾಗಿ ಸಿಗುತ್ತದೆ. ಎರಡೂ ಕಡೆ ಒಂದೇ ಅಚ್ಚು ಸಿಕ್ಕರೆ ಅಚ್ಚಿನ ಬಿರುಕು ಹುಡುಕಿ. ಅಚ್ಚು ಬಿರಿದರೆ ನಾಣ್ಯದ ಮೇಲೆ ಉಬ್ಬಿದ ಸಣ್ಣ ಗೆರೆಯಾಗಿ ಕಾಣುತ್ತದೆ, ತಗ್ಗಾಗಿ ಅಲ್ಲ. ಒಂದು ನಾಣ್ಯದಲ್ಲಿ ಆ ಗೆರೆ ಇಲ್ಲ, ಇನ್ನೊಂದರಲ್ಲಿ ಕೆನ್ನೆಯಿಂದ ಅಂಚಿನವರೆಗೆ ಹೋಗಿದೆ ಅಂತಾದರೆ, ಗೆರೆ ಇಲ್ಲದ್ದು ಮೊದಲು ಹೊಡೆದದ್ದು, ಗೆರೆ ಇರುವುದು ಆಮೇಲಿನದು.